ಎಣ್ಣೆ ಹಚ್ಚಿಕೊಂಡು ಫೋಟೋಗೆ ಬಂದ ಕಾಯಿಗಳು

ನೇತ್ರಾವತಿ ಕಲಿತ ಎರಡು ವಿದ್ಯೆಗಳು ಅವಳ ಕಣ್ಣೆದುರೇ ತೀರಿಕೊಂಡಿದ್ದವು. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಕಾಲೇಜು ಮುಗಿಸಿದ ಹೊಸತರಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದನ್ನು ಕಲಿತಳು. ತುಮಕೂರಿನ ಮಂಡಿಪೇಟೆಯಲ್ಲಿ ಇಪ್ಪತ್ತೆರಡು ಅಂಗಡಿಗೆ ಹಾಕಿಕೊಟ್ಟಿದ್ದಳು. ಅಷ್ಟರಲ್ಲಿ ಅದೇ ಕೆಲಸ ಮಾಡುವ ಆ್ಯಪ್ ಎಲ್ಲರ ಮೊಬೈಲಿಗೂ ಪುಕ್ಕಟೆ ಬಂತು. ಸರಿ, ಆ್ಯಪನ್ನೇ ಬರೆಯೋಣವೆಂದು ಇನ್ನೊಂದು ಕಂಪ್ಯೂಟರ್ ಭಾಷೆ ಕಲಿತಳು. ಮೂರು ವರ್ಷಕ್ಕೆ ಆ ಭಾಷೆಯನ್ನು ಹೆತ್ತ ಕಂಪನಿಯವರೇ ಅದನ್ನು ಬೀದಿಯಲ್ಲಿ ಬಿಟ್ಟು ಹೋದರು.

"ಸಂಸ್ಕೃತಾನ ಸತ್ತ ಭಾಷೆ ಅಂತಾರೆ. ಅದನ್ನ ಕಲ್ತೋರಿಗೆ ಪೌರೋಹಿತ್ಯನಾದ್ರೂ ಸಿಗ್ತದೆ. ನಂಗೆ ಅದೂ ಇಲ್ಲ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ವಯಸ್ಸು ಮೂವತ್ತಾರು ದಾಟಿದ ಮೇಲೆ ಆ ನಗೆಯಲ್ಲಿ ಹಲ್ಲು ಕಡಿಮೆಯಾಗುತ್ತ ಬಂದಿತ್ತು.

ಆಮೇಲೆ ಸೇರಿದ್ದು ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದ ಸಿರಿಫಲ ಆಟೊಮೇಷನ್ ಎಂಬ ಹದಿನಾಲ್ಕು ಜನರ ಕಂಪನಿಯನ್ನು. ಹುಣಸೆಹಣ್ಣು, ರಾಗಿ, ಕೊಬ್ಬರಿಗಳಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವ ಯಂತ್ರಗಳನ್ನು ಅಲ್ಲಿ ತಯಾರಿಸುತ್ತಾರೆ. ಮನುಷ್ಯರಲ್ಲಿ ಹಾಗೆ ಬೇರೆ ಮಾಡುವ ಯಂತ್ರಕ್ಕೆ ಬೇಡಿಕೆ ಬಂದಿದ್ದರೂ ಇನ್ನೂ ಕೈ ಹಾಕಿಲ್ಲ. ಯಂತ್ರದ ಕಬ್ಬಿಣ ಬೇರೆಯವರದು, ಅದರೊಳಗಿನ ಬುದ್ಧಿ ನೇತ್ರಾವತಿಯದು.

ಒಂದು ಸೋಮವಾರ ಮಾಲೀಕ ಮೋಹನ್‌ಕುಮಾರ್ ಅವಳನ್ನು ಕರೆದು ಕೂರಿಸಿದರು.

"ಮೇಡಂ, ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮಲ್ಲಿ ಇಬ್ಬರಿಗೆ ಆರು ತಿಂಗಳು ಟ್ರೈನಿಂಗ್ ಕೊಡ್ತಾರೆ. ಒಬ್ರಿಗೆ ಇಮೇಜಿಂಗು, ಒಬ್ರಿಗೆ ಸಿಗ್ನಲ್ ಪ್ರೊಸೆಸಿಂಗು. ಇಮೇಜಿಂಗ್ ಅಂದ್ರೆ ಕ್ಯಾಮೆರಾದಲ್ಲಿ ಕಂಡದ್ದನ್ನ ಓದೋದು. ಸಿಗ್ನಲ್ ಅಂದ್ರೆ ಸದ್ದು, ಅದುರಾಟ, ಅಲೆ, ಇಂಥವನ್ನ ಓದೋದು. ಕಲಿತ ಮೇಲೆ ಆ ವಿಭಾಗ ಪೂರ್ತಿ ಅವರದೇ. ನೀವು ಸೀನಿಯರ್ರು, ಮೊದ್ಲು ನೀವು ಆರಿಸ್ಕೊಳ್ಳಿ. ಉಳಿದದ್ದು ಅಶ್ವಥ್‌ಗೆ. ಶುಕ್ರವಾರ ಹೇಳಿದ್ರೆ ಸಾಕು."

"ಆಮೇಲೆ ಬದಲಾಯಿಸ್ಕೊಬೋದಾ ಸರ್?"

"ಮದುವೆ ಆದ್ಮೇಲೆ ಕೇಳೋ ಪ್ರಶ್ನೆ ಇದು. ಆಗಲ್ಲ."

ಹೀಗೆ ನೇತ್ರಾವತಿಯ ಮುಂದಿನ ಹತ್ತು ವರ್ಷಗಳು ನಾಲ್ಕು ದಿನಗಳ ಕೈಗೆ ಸಿಕ್ಕವು. ಈ ಬಾರಿ ತಪ್ಪಿದರೆ ಮೂರನೆಯ ವಿದ್ಯೆಯನ್ನೂ ಮಣ್ಣು ಮಾಡಬೇಕು, ನಾಲ್ಕನೆಯದನ್ನು ಕಲಿಯುವ ಹೊತ್ತಿಗೆ ಮಗಳು ಕಾಲೇಜಿಗೆ ಹೋಗುತ್ತಿರುತ್ತಾಳೆ. ಅವಳಿಗಿದ್ದ ಭಯ ಇಷ್ಟೇ, ಇಷ್ಟು ದೊಡ್ಡದು.

ಸಂಜೆ ಮನೆಯಲ್ಲಿ ವಿಷಯ ತೆಗೆದಳು. ಗಂಡ ಶಿವರಾಜ್ ಕುಣಿಗಲ್ ಬಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಯಾವ ಪ್ರಶ್ನೆಗೂ ಉತ್ತರ ಕೊಡದೆ ಹಂತಗಳನ್ನು ಮಾತ್ರ ಕೊಡುವ ಅಭ್ಯಾಸದವನು.

"ಇಮೇಜಿಂಗೇ ತಗೋ ಕಣೇ. ಪೇಪರ್ ತೆಗೆದ್ರೆ ಅದೇ, ಯೂಟ್ಯೂಬ್ ತೆಗೆದ್ರೆ ಅದೇ. ಆದ್ರೆ ಎಲ್ರೂ ಅದನ್ನೇ ಕಲಿತಿದಾರೆ ಅಂದ್ಮೇಲೆ ನಾಳೆ ಅದಕ್ಕೆ ಬೆಲೆ ಇರಲ್ಲ. ಹಂಗಂತ ಸಿಗ್ನಲ್ ತಗೊಂಡ್ರೆ ಇವತ್ತೇ ಯಾರೂ ಕೇಳೋರಿಲ್ಲ."

"ಅಂದ್ರೆ ಯಾವ್ದುರೀ?"

"ಎರಡರ ಮಧ್ಯೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲೋಕದಲ್ಲಿ ಸುದ್ದಿ ಮಾಡುತ್ತಿದ್ದದ್ದು ಚಿತ್ರ. ಸದ್ದಿನ ವಿದ್ಯೆ ಮಾತ್ರ ಸದ್ದಿಲ್ಲದೆ ಮೂಲೆಯಲ್ಲಿ ಕೂತಿತ್ತು. ತುಮಕೂರಿನಲ್ಲಂತೂ ಸಿಗ್ನಲ್ ಎಂದರೆ ಎರಡೇ: ಕೆಂಪಾದಾಗ ಯಾರೂ ನಿಲ್ಲದ್ದು, ಮನೆಯೊಳಗೆ ಹೋದರೆ ಫೋನಿಗೆ ಸಿಗದ್ದು.

ಅತ್ತೆ ನರಸಮ್ಮ ಅವರೆಕಾಯಿ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಅವರದು ಹುತ್ರಿದುರ್ಗದ ತಪ್ಪಲಿನ ಊರು. ಆ ಕಡೆ ಹೆಣ್ಣು ತರುವುದಿದ್ದರೂ ಬೋರು ಕೊರೆಸುವುದಿದ್ದರೂ ಊರಮ್ಮನ ಮುಂದೆ ನಿಂತು ಹೂವಿನ ಪ್ರಸಾದ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಮಂಗಳವಾರ ಹೇಗೂ ಊರಿಗೆ ಹೊರಟಿದ್ದ ನರಸಮ್ಮ ಸೊಸೆಯ ಪ್ರಶ್ನೆಯನ್ನೂ ಸೆರಗಿಗೆ ಗಂಟು ಹಾಕಿಕೊಂಡು ಹೋದರು. ಸಾಯಂಕಾಲ ಬಂದವರ ಮುಖದಲ್ಲಿ ತೃಪ್ತಿ ಇರಲಿಲ್ಲ.

"ಪೂಜಾರಪ್ಪಂಗೆ ಸಿಗ್ನಲ್ ಅಂದ್ರೇನು ಅಂತ ತಿಳಿಸೋ ಹೊತ್ಗೆ ಮಂಗಳಾರತಿ ಆರೋಯ್ತು ಕಣವ್ವ. ಕೊನೀಗೆ ಕ್ಯಾಮ್ರಾ ಬಲಕ್ಕೆ, ಇನ್ನೊಂದು ಎಡಕ್ಕೆ ಅಂತ ಬೇಡ್ಕೊಂಡೆ."

"ಎತ್ತ ಬಿತ್ತು ಅತ್ತೆ?"

"ಎತ್ಲಾಗೂ ಬೀಳ್ಲಿಲ್ಲ. ಜಾರಿ ಬಂದು ಅಮ್ಮನ ಅಂಗೈ ಮೇಲೆ ಕೂತ್ಬುಡ್ತು. ಅರ್ಧ ಗಂಟೆ ಕಾದೆ. ಬಸ್ಸಿತ್ತು, ಬಂದ್ಬುಟ್ಟೆ."

"ನಾನು ಹೇಳಿದ್ದೂ ಅದೇ, ಎರಡರ ಮಧ್ಯೆ" ಎಂದ ಶಿವರಾಜ್.

ಇವರನ್ನೆಲ್ಲ ಕೇಳುವ ಮೊದಲೇ ನೇತ್ರಾವತಿಯ ಮನಸ್ಸು ಕ್ಯಾಮೆರಾದ ಕಡೆ ವಾಲಿತ್ತು. ಅದಕ್ಕೆ ಕಾರಣ ಅವಳಪ್ಪ ಅಂಜನಮೂರ್ತಿ. ಗುಬ್ಬಿಯ ಬಸ್ ಸ್ಟ್ಯಾಂಡ್ ಹತ್ತಿರ ನಲವತ್ತು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟಿರುವವರು. ಈಗ ಜೆರಾಕ್ಸು, ಪಾಸ್‌ಪೋರ್ಟ್ ಸೈಜು, ಆಧಾರ್ ಲ್ಯಾಮಿನೇಷನ್ನು. ಅವಳು ಚಿಕ್ಕವಳಿದ್ದಾಗ ಮಾತ್ರ ಅಲ್ಲಿ ಕೆಂಪು ಬಲ್ಬಿನ ಕತ್ತಲೆ ಕೋಣೆ ಇತ್ತು. ತೊಟ್ಟಿಯ ನೀರಿನೊಳಗೆ ಬಿಳಿ ಕಾಗದದ ಮೇಲೆ ಯಾರದೋ ಮೂಗು, ಯಾರದೋ ಮೀಸೆ ನಿಧಾನವಾಗಿ ಮೂಡುವುದನ್ನು ಅಪ್ಪನ ಪಕ್ಕ ಸ್ಟೂಲಿನ ಮೇಲೆ ನಿಂತು ನೋಡಿದವಳು. ಹುಟ್ಟಿದಾಗ ಅಪ್ಪ ಕೊಟ್ಟ ಹೆಸರಿನಲ್ಲೇ ಕಣ್ಣಿತ್ತು. ಇನ್ನು ಚಿತ್ರದ ವಿದ್ಯೆ ಬಿಟ್ಟು ಬೇರೆಯದಕ್ಕೆ ಕಣ್ಣು ಹಾಕುವುದುಂಟೇ?

ಇನ್ನೊಂದು ಬಲವಾದ ಕಾರಣವೂ ಇತ್ತು. ಎರಡು ತಿಂಗಳಿನಿಂದ ಅವಳು ಗುಬ್ಬಿಯ ರಂಗರಾಜು ಅವರ ಕೊಬ್ಬರಿ ಗೋಡೌನಿಗೆಂದು ಕ್ಯಾಮೆರಾ ಇರುವ ಯಂತ್ರವನ್ನೇ ಮಾಡುತ್ತಿದ್ದಳು.

ಕೊಬ್ಬರಿಯನ್ನು ಅಂಗಡಿಯಲ್ಲಷ್ಟೇ ಕಂಡವರಿಗಾಗಿ ಎರಡು ಮಾತು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಇಡೀ ಉಂಡೆಯಾಗುತ್ತದೆ. ಕಾಯಿ ಎಂದು ಹೆಸರಿಟ್ಟ ಮೇಲೆ ಕಾಯಲೇಬೇಕು. ಆಮೇಲೆ ಸಿಪ್ಪೆ ಸುಲಿದು, ಒಂದೊಂದನ್ನೇ ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಗಡಗಡ ಎಂದರೆ ಉಂಡೆ ಬಿಟ್ಟಿದೆ, ಒಡೆಯಬಹುದು. ಗುಳುಗುಳು ಎಂದರೆ ಇನ್ನೂ ನೀರಿದೆ, ಇನ್ನಷ್ಟು ಒಣಗಬೇಕು. ಏನೂ ಅನ್ನದಿದ್ದರೆ ತಿರುಳು ಚಿಪ್ಪಿಗೆ ಅಂಟಿದೆ, ಇಲ್ಲವೇ ಕೊಳೆತಿದೆ. ಅವಸರಪಟ್ಟು ಒಡೆದರೆ ಉಂಡೆ ಚೂರಾಗಿ, ವರ್ಷವಿಡೀ ಕಾದದ್ದು ಒಂದೇ ಏಟಿಗೆ ಹಾಳು.

ರಂಗರಾಜು ಅವರ ಗೋಡೌನಿನಲ್ಲಿ ಈ ತೀರ್ಪು ಕೊಡುವವರು ಕದರಮ್ಮ. ವಯಸ್ಸು ಅರವತ್ತೆರಡು, ಈ ಕೆಲಸಕ್ಕೆ ಬಂದು ಮೂವತ್ತು ವರ್ಷ. ಅವರು ಒಡೆಯಲು ಹೇಳಿದ ಕಾಯಿಯಲ್ಲಿ ಉಂಡೆ ಸಿಗದಿದ್ದದ್ದನ್ನು ಕಂಡವರಿಲ್ಲ. ಆದರೆ ರಾಶಿ ದೊಡ್ಡದು, ಕದರಮ್ಮ ಒಬ್ಬರೇ. ಜೊತೆಗೆ ಇದ್ದ ಹೆಂಗಸರು ಗಾರ್ಮೆಂಟ್ಸ್‌ಗೆ ಹೋದರು. ಹೊಸಬರು ಯಾರೂ ಬರುವುದಿಲ್ಲ. ಆದ್ದರಿಂದ ಯಂತ್ರ.

ಮೈಕಿಟ್ಟು ಸದ್ದು ಹಿಡಿಯೋಣವೆಂದು ನೇತ್ರಾವತಿ ಮೊದಲು ಯೋಚಿಸಿದ್ದಳು. ಒಂದು ಗಂಟೆ ರೆಕಾರ್ಡ್ ಮಾಡಿ ತಂದು ಕೇಳಿದಾಗ ಸಿಪ್ಪೆ ಸುಲಿಯುವ ಮೋಟಾರು ಕೇಳಿಸಿತು, ಟ್ರ್ಯಾಕ್ಟರು ಕೇಳಿಸಿತು. ರಂಗರಾಜು ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಅವರದು ಫೋನಿಲ್ಲದೆಯೂ ಬೆಳ್ಳಾವಿಗೆ ತಲುಪುವ ಗಂಟಲು. ಕೇಳಿಸದೆ ಹೋದದ್ದು ಕಾಯಿ ಮಾತ್ರ. ಹಾಗಾಗಿ ಮೈಕು ಬಿಟ್ಟು ಕ್ಯಾಮೆರಾ ಹಿಡಿದಳು. ಚಿಪ್ಪಿನ ಬಣ್ಣ, ಗೀರು, ಕಾಯಿಯ ಮೂರು ಕಣ್ಣುಗಳ ಸುತ್ತಿನ ಕಲೆ, ಇವುಗಳಲ್ಲಿ ಒಳಗಿನ ಗುಟ್ಟು ತಿಳಿಯದೇ ಇರುತ್ತದೆಯೇ? ಒಡೆಯಲು ಬಂದಿರುವ ಐನೂರು, ಬಾರದಿರುವ ಐನೂರು ಕಾಯಿ ಕಳಿಸಿರೆಂದು ಗೋಡೌನಿಗೆ ಹೇಳಿ, ಬಂದ ಸಾವಿರ ಕಾಯಿಯ ಫೋಟೋ ತೆಗೆದು ಕಂಪ್ಯೂಟರಿಗೆ ತೋರಿಸಿದಳು: ಇದು ಒಳ್ಳೆಯದು, ಇದು ಒಳ್ಳೆಯದಲ್ಲ. ವಾರದೊಳಗೆ ಕಂಪ್ಯೂಟರು ನೂರಕ್ಕೆ ತೊಂಬತ್ತೆಂಟು ಸರಿ ಹೇಳತೊಡಗಿತು. ಅಷ್ಟು ಚೆನ್ನಾಗಿ ಬಂದಾಗಲೇ ಅನುಮಾನ ಪಡಬೇಕಿತ್ತು. ಅವಳು ಸಂತೋಷಪಟ್ಟಳು.

ಬುಧವಾರ ಗೋಡೌನಿನಲ್ಲಿ ಪರೀಕ್ಷೆ. ಅದು ಗೆದ್ದರೆ ಶುಕ್ರವಾರ ಇಮೇಜಿಂಗ್ ಎಂದು ಹೇಳುವುದೆಂದು ನಿಶ್ಚಯಿಸಿಕೊಂಡು ಹೋದಳು.

ರಂಗರಾಜು ಯಂತ್ರಕ್ಕೆ ಹಾರ ಹಾಕಿಸಿ, ಕ್ಯಾಮೆರಾದ ಕಣ್ಣಿಗೇ ಕುಂಕುಮ ಇಟ್ಟರು. ನೇತ್ರಾವತಿ ಅದನ್ನು ಒರೆಸಿದಳು. ಅವರು ರಾಶಿಯನ್ನು ಪೂರಾ ಸುತ್ತಿ ಆಚೆ ಬದಿಗೆ ಹೋಗಿ ನಿಂತು, "ಕದರಮ್ಮಾ, ನಿಮ್ ಕೈಯಾರೆ ಮೊದಲ್ನೇ ಕಾಯಿ ಹಾಕಿ" ಎಂದು ಕೂಗಿದರು. ಕದರಮ್ಮ ಕಾಯಿಯನ್ನು ಕಣ್ಣಿಗೊತ್ತಿಕೊಂಡು ಬೆಲ್ಟಿನ ಮೇಲಿಟ್ಟರು.

ಕೆಂಪು ದೀಪ. ಬೇಡ.

ಎರಡನೆಯದು, ಕೆಂಪು. ಮೂರನೆಯದು, ಕೆಂಪು. ಅರವತ್ತು ಕಾಯಿ ಹೋದವು. ಅರವತ್ತಕ್ಕೂ ಕೆಂಪು.

"ಏನ್ ಮೇಡಂ, ನಿಮ್ ಮಿಶನ್ನಿಗೆ ಗುಬ್ಬಿ ಕಾಯಿ ಹಿಡಿಸ್ಲಿಲ್ವಾ?" ಎಂದರು ರಂಗರಾಜು.

ಅರವತ್ತೊಂದನೆಯದಕ್ಕೆ ಹಸಿರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೂಜೆಯ ದೀಪದ ಬುಡದಲ್ಲಿ ಉರುಳಿಕೊಂಡಿದ್ದ ಕಾಯಿ ಅದು. ರಂಗರಾಜು ಅದನ್ನು ತಾವೇ ಒಡೆದರು. ಒಡೆದವರು ಮೂಗು ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರು. ಗೋಡೌನಿನ ಇನ್ನೊಂದು ಬಾಗಿಲನ್ನೂ ತೆಗೆಯಬೇಕಾಯಿತು.

ನೇತ್ರಾವತಿಯ ಮುಖ ನೋಡಿ ಕದರಮ್ಮನಿಗೆ ಪಾಪ ಅನ್ನಿಸಿತು. ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದರು:

"ಹಂಗೇ ಹಾಕಿದ್ರೆ ಅದಕ್ಕೆ ಹೆಂಗ್ ಗೊತ್ತಾಯ್ತದೆ ಮೇಡಮ್ಮೋರೆ? ಆವತ್ತು ನಿಮ್ಗೆ ಕಳಿಸ್ವಾಗ ನಾನು ಒಂದೊಂದ್ನೂ ಒರೆಸಿ, ಎಣ್ಣೆ ಹಚ್ಚಿ ಕಳಿಸ್ಲಿಲ್ವಾ?"

"ಎಣ್ಣೆನಾ?"

"ಊಂ. ಫೋಟೋ ಹಿಡೀತೀವಿ ಅಂದ್ರಲ್ಲ! ಫೋಟೋಗೆ ಯಾರಾರ ಧೂಳು ಮೈಯಲ್ಲಿ ಹೋಯ್ತಾರಾ? ಐನೂರು ಕಾಯಿಗೆ ಎರಡು ದಿನ ಹಿಡೀತು."

"ಸಾವಿರ ಕಳಿಸಿದ್ರಲ್ಲ ಕದರಮ್ಮ. ಇನ್ನೈನೂರಕ್ಕೆ?"

"ಅವು ಕೆಟ್ಟವು ಅಂತ ಬರೆಸಿದ್ರಲ್ವಾ. ಅವಕ್ಯಾಕೆ ಎಣ್ಣೆ ದಂಡ?"

ನೇತ್ರಾವತಿ ಅಲ್ಲೇ ಇದ್ದ ಗೋಣಿಚೀಲದ ಮೇಲೆ ಕುಳಿತಳು. ಎರಡು ತಿಂಗಳು, ಎರಡು ಕಂಪ್ಯೂಟರು, ವಿದೇಶದ ಕ್ಯಾಮೆರಾ. ಎಲ್ಲ ಸೇರಿ ಕಲಿತಿದ್ದು ಒಂದೇ ವಿದ್ಯೆ: ಎಣ್ಣೆ ಹಚ್ಚಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು. ಅದರಲ್ಲಿ ಮಾತ್ರ ನೂರಕ್ಕೆ ತೊಂಬತ್ತೆಂಟು.

ಮಧ್ಯಾಹ್ನ ಅಪ್ಪನ ಸ್ಟುಡಿಯೋಗೆ ಹೋಗಿ ವಿಷಯ ಹೇಳಿದಳು. ಅಂಜನಮೂರ್ತಿ ನಕ್ಕದ್ದು ನೋಡಿ ಜೆರಾಕ್ಸಿಗೆ ಬಂದವನು ತನ್ನ ಕಾಗದದಲ್ಲೇನೋ ತಪ್ಪಿರಬೇಕೆಂದು ತಿರುಗಿಸಿ ನೋಡಿದ.

"ನಲವತ್ತು ವರ್ಷದಲ್ಲಿ ತಲೆಗೆ ಎಣ್ಣೆ ಹಚ್ಚದೆ, ಮುಖಕ್ಕೆ ಪೌಡರ್ ಬಳೀದೆ ಒಬ್ರೂ ಈ ಸ್ಟೂಲ್ ಮೇಲೆ ಕೂತಿಲ್ಲ ಕಣಮ್ಮ. ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ ನಾನೇ ಇಟ್ಟಿದ್ನಲ್ಲ, ನೋಡಿಲ್ವಾ ನೀನು? ಸ್ಟುಡಿಯೋದಲ್ಲೇ ಬೆಳೆದೋಳಿಗೆ ಇದು ಹೊಳೀಲಿಲ್ವಾ?"

"ಕಾಯಿಗೂ ಮೇಕಪ್ ಮಾಡ್ತಾರೆ ಅಂತ ನಂಗೇನ್ ಗೊತ್ತಪ್ಪಾ?"

"ಮರ್ಯಾದೆ ಇರೋರು ಮಾಡ್ತಾರೆ." ಅವರು ನಗು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. "ಒಂದು ಮಾತು ಹೇಳ್ತೀನಿ ಕೇಳು. ಫೋಟೋದಲ್ಲಿ ಮನುಷ್ಯನ ಮೇಲುಮೈ ಬರ್ತದೆ. ಜಗಳ ಆಡ್ಕೊಂಡು ಬಂದ ಗಂಡ ಹೆಂಡ್ತೀನ ಒಂದೇ ಫ್ರೇಮಲ್ಲಿ ನಗಿಸಿ ಕಳಿಸಿದೀನಿ. ಒಳಗೇನಿದೆ ಅನ್ನೋದು ನನ್ನ ಕ್ಯಾಮೆರಾಗೆ ಯಾವತ್ತೂ ಗೊತ್ತಾಗಿಲ್ಲ. ಗೊತ್ತಾಗೋದೂ ಬೇಡ ಅಂತ್ಲೇ ಜನ ಬರೋದು."

ಅಪ್ಪನ ಮಾತಿಗಿಂತ ಲೆಕ್ಕ ನಂಬುವವಳು ನೇತ್ರಾವತಿ. ಎಣ್ಣೆ ಕಾಣದ ಇನ್ನೂರು ಕಾಯಿಗಳನ್ನು ಕದರಮ್ಮನಿಂದ ಗುರುತು ಹಾಕಿಸಿ, ಕಂಪನಿಯ ಜೀಪಿನಲ್ಲಿ ಹೊತ್ತು ತಂದು, ಆ ಸಂಜೆಯೇ ಯಂತ್ರಕ್ಕೆ ಮತ್ತೆ ಪಾಠ ಹೇಳಿದಳು. ನೂರಕ್ಕೆ ಐವತ್ತಮೂರು. ರಸ್ತೆಯಲ್ಲಿ ಹೋಗುವವರನ್ನು ಕರೆದು ಕೇಳಿದ್ದರೂ ಅಷ್ಟೇ ಬರುತ್ತಿತ್ತು. ಮೂರು ಕಣ್ಣಿದ್ದರೂ ಕಾಯಿ ತನ್ನ ಒಳಗನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಮೋಹನ್‌ಕುಮಾರ್ ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಅಶ್ವಥ್ ಹುಣಸೆಹಣ್ಣಿಗೆ ಮಾಡಿದ ಕ್ಯಾಮೆರಾ ಚೆನ್ನಾಗೇ ಓಡ್ತಾ ಇದೆ ಮೇಡಂ. ಹಣ್ಣಲ್ಲಿ ಬೀಜ ಕಾಣ್ಸುತ್ತೆ, ಕಡ್ಡಿ ಕಾಣ್ಸುತ್ತೆ. ಕ್ಯಾಮೆರಾ ಕೆಟ್ಟದ್ದಲ್ಲ. ನಿಮಗೆ ಯಾವುದು ಬೇಕು ಅನ್ನೋದನ್ನ ಯೋಚ್ನೆ ಮಾಡಿ" ಎಂದರಷ್ಟೇ.

ಗುರುವಾರ ಅವಳು ರಜೆ ಹಾಕಿ ಗುಬ್ಬಿ ಬಸ್ಸು ಹತ್ತಿದಳು. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಲಿಲ್ಲ. ಹಳೇ ಸೀರೆ ಉಟ್ಟು ಕದರಮ್ಮನ ಎದುರು ರಾಶಿಯ ಪಕ್ಕ ಕುಳಿತು, "ನಂಗೂ ಹೇಳ್ಕೊಡಿ" ಎಂದಳು.

"ಇದರಲ್ಲೇನೈತೆ ಹೇಳ್ಕೊಡಾಕೆ? ಹಿಡ್ಕೊ, ಅಲ್ಲಾಡ್ಸು, ಕೇಳು."

ನೇತ್ರಾವತಿ ಹಿಡಿದಳು, ಅಲ್ಲಾಡಿಸಿದಳು, ಕೇಳಿದಳು. ಹತ್ತು ಅಡಿ ಆಚೆ ಸುಲಿಯುವ ಮೋಟಾರು ಗರ್ರೆನ್ನುತ್ತಿತ್ತು. ಕಾಯಿಯಿಂದ ಏನೂ ಕೇಳಿಸಲಿಲ್ಲ. ಕದರಮ್ಮ ಮಾತ್ರ ಒಂದೊಂದನ್ನೂ ಬಲಗಿವಿಗೆ ಹಿಡಿದು ಎರಡು ಸಲ ಕುಲುಕಿ, ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಎಸೆಯುತ್ತಲೇ ಇದ್ದರು. ಈ ಗಲಾಟೆಯಲ್ಲಿ ಅವರಿಗೆ ಹೇಗೆ ಕೇಳಿಸುತ್ತದೆ?

"ಕದರಮ್ಮ, ಒಂಚೂರು ಇತ್ಲಾಗಿ ತಿರುಗ್ತೀರಾ?" ಎಂದು ಅವರ ಬಲಗಡೆ ಹೋಗಿ ಕೇಳಿದಳು. ಕದರಮ್ಮ ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ತಿರುಗಲಿಲ್ಲ. ಕಿವಿಯ ಹತ್ತಿರವೇ ಬಾಗಿ ಕರೆದಳು. ಕದರಮ್ಮ ಕಾಯಿ ಕುಲುಕುತ್ತಲೇ ಇದ್ದರು.

ನೇತ್ರಾವತಿ ಸುತ್ತಿ ಎಡಗಡೆಗೆ ಬಂದಳು. "ಈ ಕಿವಿ ಕೇಳ್ಸಲ್ವಾ ನಿಮಗೆ?"

ಕದರಮ್ಮನ ಕೈ ನಿಂತಿತು. ಅತ್ತಿತ್ತ ನೋಡಿ, ದನಿ ತಗ್ಗಿಸಿ, ಎಂದರೆ ಅರ್ಧ ಗೋಡೌನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

"ಎಂಟು ವರ್ಷ ಆತು. ಸಾವ್ಕಾರ್ರಿಗೆ ಹೇಳ್ಬ್ಯಾಡ ನನ್ನವ್ವ. ಕಿವುಡಿ ಅಂದ್ರೆ ಯಾರ್ ಇಟ್ಕೋತಾರೆ ಈ ಕೆಲ್ಸಕ್ಕೆ?"

"ಮತ್ತೆ ಕಾಯಿ ನೋಡೋದು?"

"ಎಡಗಿವಿ ಅಷ್ಟಿಷ್ಟು ಐತೆ. ಆದ್ರೆ ಕಾಯಿಗೆ ಕಿವಿ ಯಾಕೆ? ಕೈಗೆ ಗೊತ್ತಾಯ್ತದೆ." ನೇತ್ರಾವತಿಯ ಅಂಗೈಯನ್ನು ಎಳೆದು, ಅದರಲ್ಲಿ ಒಂದು ಕಾಯಿ ಇಟ್ಟು, ಕೆಳಗಿನಿಂದ ತಮ್ಮ ಕೈ ಕೊಟ್ಟು ಕುಲುಕಿದರು. "ಇಲ್ಲಿ, ಹೆಬ್ಬೆಟ್ಟಿನ ಬುಡಕ್ಕೆ. ಟಕ್ ಅಂತ ಹೊಡೀತಲ್ಲ? ಅದು ಗಿಟುಕು, ಒಣಗಿ ಬಿಟ್ಟಿರೋ ಉಂಡೆ. ನೀರಿದ್ರೆ ಹೊಡೆಯಾಕಿಲ್ಲ, ತೊನೀತದೆ. ಅಂಟ್ಕೊಂಡಿದ್ರೆ ಕಲ್ಲು ಕಲ್ಲಿದ್ದಂಗೆ."

"ಮತ್ತೆ ಕಿವಿಗ್ಯಾಕೆ ಹಿಡೀತೀರಾ?"

"ಹಿಡೀದಿದ್ರೆ ನಂಬ್ತಾರಾ?"

ನೇತ್ರಾವತಿಯ ಹೆಬ್ಬೆಟ್ಟಿನ ಬುಡದಲ್ಲಿ ಮತ್ತೊಮ್ಮೆ ಟಕ್ ಎಂದಿತು. ಮೋಟಾರಿನ ಅಬ್ಬರ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅವಳು ಇಷ್ಟು ದಿನ ಸಿಗ್ನಲ್ ಎಂದರೆ ಗಾಳಿಯಲ್ಲಿ ಬರುವ ಸದ್ದು, ಅದಕ್ಕೆ ಮೈಕು ಎಂದುಕೊಂಡಿದ್ದಳು. ಅದುರಾಟವೂ ಸಿಗ್ನಲ್ಲೇ ಎಂದು ಮೋಹನ್‌ಕುಮಾರ್ ಸೋಮವಾರವೇ ಹೇಳಿದ್ದರು. ಅವಳ ಕಿವಿಯಲ್ಲಿ ಅದು ನಿಂತಿರಲಿಲ್ಲ, ಕೈಗೆ ಬಂದ ಮೇಲೆ ಕೂತಿತು.

ಪ್ರತಿ ಫೋನಿನಲ್ಲೂ ಅಲುಗಾಟವನ್ನು ಅಳೆಯುವ ಒಂದು ಪುಟ್ಟ ಚಿಪ್ ಇರುತ್ತದೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರ ಅಡ್ಡವಾಗುವುದು ಅದರಿಂದಲೇ. ಆ ಅಳತೆಯನ್ನು ಗೆರೆಯಾಗಿ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡು, ಫೋನನ್ನು ಕಾಯಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದಳು. ಕುಲುಕಿದಳು. ಪರದೆಯ ಮೇಲೆ ಉದ್ದನೆಯ ಅಲೆ ಏರಿಳಿಯಿತು. ಅದು ಅವಳ ಕೈಯ ಅಲುಗಾಟ. ಅಲೆಯ ನೆತ್ತಿಯ ಮೇಲೆ ಜಾಲಿಮುಳ್ಳಿನಂಥ ಚೂಪು ಗೀಟುಗಳು ಎದ್ದು ನಿಂತವು. ಅದು ಉಂಡೆ ಚಿಪ್ಪಿಗೆ ಹೊಡೆದದ್ದು. ನೀರಿನ ಕಾಯಿ ಕಟ್ಟಿದರೆ ಮುಳ್ಳು ಮಾಯ, ಅಲೆಯೇ ತೂಕಡಿಸಿದಂತೆ ಓಲಾಡಿತು. ಅಂಟಿದ ಕಾಯಿಗೆ ಬರೀ ಕೈಯ ಅಲೆ, ಮತ್ತೇನಿಲ್ಲ. ರಾಗಿ ಹಿಟ್ಟನ್ನು ಜರಡಿ ಹಿಡಿದಂತೆ ಆ ಉದ್ದನೆಯ ಅಲೆಯನ್ನು ಸೋಸಿ ತೆಗೆದರೆ ಮುಳ್ಳು ಮಾತ್ರ ಉಳಿಯುತ್ತದೆ. ಹಾಗೆ ಸೋಸುವುದನ್ನೇ ಆರು ತಿಂಗಳ ಕೋರ್ಸಿನಲ್ಲಿ ಹೇಳಿಕೊಡುವುದು.

ಇಪ್ಪತ್ತು ಕಾಯಿ ನೋಡಿದರು. ಕದರಮ್ಮ ಕೈಯಲ್ಲಿ, ನೇತ್ರಾವತಿ ಫೋನಿನಲ್ಲಿ. ಹತ್ತೊಂಬತ್ತಕ್ಕೆ ಇಬ್ಬರ ಮಾತೂ ಒಂದೇ. ಇಪ್ಪತ್ತನೆಯದಕ್ಕೆ ಫೋನು ಅಂಟಿದೆ ಎಂದಿತು, ಕದರಮ್ಮ ಗಿಟುಕು ಎಂದರು. ಒಡೆದರು. ಕೆನೆಬಣ್ಣದ ಇಡೀ ಉಂಡೆ, ಚಿಪ್ಪಿನ ತುಂಬ ಕೂತಿತ್ತು. ಒಳಗೆ ಆಡಲು ಜಾಗವೇ ಇರಲಿಲ್ಲ, ಕೂದಲೆಳೆಯಷ್ಟು ಬಿಟ್ಟು.

"ಇದನ್ನೂ ಕೈಯಲ್ಲೇ ಕಂಡ್ರಾ?"

"ದಪ್ಪ ಗಿಟುಕು ಹೊಡಿಯಾಕಿಲ್ಲ, ಚುಚ್ತದೆ. ನಿಮ್ ಫೋನಿಗೆ ಇನ್ನೂ ಹಲ್ಲು ಬರ್ಬೇಕು ಬುಡು."

ಹೇಳಿದ ಮೇಲೆ ಕದರಮ್ಮ ಒಡೆದ ಚಿಪ್ಪನ್ನು ಪಕ್ಕಕ್ಕಿಟ್ಟರು. "ಅದಕ್ಕೆ ಹಲ್ಲು ಬಂದ್ಮೇಲೆ ನಾನೇನ್ ಮಾಡ್ಲವ್ವ?"

ನೇತ್ರಾವತಿಗೆ ಈ ಪ್ರಶ್ನೆ ಹೊಸದಲ್ಲ. ತನ್ನನ್ನೇ ಎರಡು ಸಲ ಕೇಳಿಕೊಂಡಿದ್ದಳು. "ನಿಮ್ ಭುಜ ಹೆಂಗಿದೆ?" ಎಂದಳು.

"ಸಂಜೆ ಹೊತ್ಗೆ ಕೈ ಎತ್ತಿ ತಲೆ ಬಾಚಾಕೂ ಆಗಾಕಿಲ್ಲ."

"ಕುಲುಕೋದು ಮಿಶನ್ ಮಾಡ್ಲಿ. ಅದು ತಪ್ಪು ಮಾಡಿದ್ದನ್ನ ತಿದ್ದೋಕೆ ಒಬ್ರು ಬೇಕು. ನಂಗೆ ಬರಲ್ಲ, ರಂಗರಾಜು ಅವ್ರಿಗೆ ಬರಲ್ಲ. ಯಂತ್ರ ಕೊಡೋ ಮೊದ್ಲು ಅವ್ರ ಹತ್ರ ಇದನ್ನ ಬರೆಸ್ಕೋತೀನಿ."

ಕದರಮ್ಮ ಕಾಯಿಯೊಂದನ್ನು ಎತ್ತಿ, ಅಭ್ಯಾಸದಂತೆ ಬಲಗಿವಿಗೆ ಹಿಡಿದು, ನಕ್ಕು, ಕೆಳಗಿಳಿಸಿದರು.

ಶುಕ್ರವಾರ ಬೆಳಗ್ಗೆ ನೇತ್ರಾವತಿ ಮೋಹನ್‌ಕುಮಾರ್ ಮೇಜಿನ ಮೇಲೆ ಫೋನು ಕಟ್ಟಿದ ಕಾಯಿ ಇಟ್ಟಳು. ಅವರು ಅದನ್ನು ಕುಲುಕಿ, ಪರದೆ ನೋಡಿ, ಮತ್ತೆ ಕುಲುಕಿದರು. ಸ್ವಲ್ಪ ಹೊತ್ತಿನಲ್ಲಿ ಆಫೀಸಿನ ಹದಿನಾಲ್ಕು ಜನರೂ ಸರದಿಯಲ್ಲಿ ನಿಂತು ಕುಲುಕಿದರು.

"ನೇತ್ರಾವತಿ ಅಂತ ಹೆಸರಿಟ್ಕೊಂಡು ಸಿಗ್ನಲ್ ತಗೋತೀರಲ್ಲ ಮೇಡಂ. ಜನ ಏನಂತಾರೆ?"

"ಕಾಯಿಗೂ ಮೂರು ಕಣ್ಣಿದೆ ಸರ್. ಅದೇನು ನೋಡುತ್ತಾ?"

"ಈ ಐಡಿಯಾ ಎಲ್ಲಿಂದ ಬಂತು?"

ಮಾತು ಕದರಮ್ಮನ ಕಿವಿಯವರೆಗೆ ಬಂದು ನಿಂತಿತು. "ಕದರಮ್ಮ ಅನ್ನೋರ ಕೈಯಿಂದ ಸರ್" ಎಂದಳು. ಸುಳ್ಳಲ್ಲ, ಗುಟ್ಟೂ ಉಳಿಯಿತು. ಸಿಗ್ನಲ್ ಪ್ರೊಸೆಸಿಂಗ್ ಎಂದು ಬರೆದ ಸಾಲಿನ ಮುಂದೆ ಸಹಿ ಹಾಕಿದಳು. ಪಕ್ಕದ ಸಾಲಿನಲ್ಲಿ ಅಶ್ವಥ್ ಸಹಿ ಹಾಕಿದ, ಅವನಿಗೆ ಬೇಕಾಗಿದ್ದದ್ದೂ ಕ್ಯಾಮೆರಾನೇ. ಹತ್ತು ವರ್ಷದ ನಂತರ ಯಾವ ವಿದ್ಯೆ ಬದುಕಿರುತ್ತದೆ ಎಂದು ಅವಳಿಗೆ ಸಹಿ ಹಾಕುವಾಗಲೂ ಗೊತ್ತಿರಲಿಲ್ಲ. ಆದರೆ ಮೂವತ್ತು ವರ್ಷದಿಂದ ಒಬ್ಬರ ಕೈಯಲ್ಲಿ ಬದುಕಿರುವ ವಿದ್ಯೆ ತನ್ನ ಕೈಗೆ ಬಂದು ತಕ್ಷಣ ಸಾಯುವುದಿಲ್ಲ ಎಂಬ ಧೈರ್ಯ ಸಾಕಾಯಿತು.

ಅಪ್ಪನಿಗೆ ಫೋನ್ ಮಾಡಿದಾಗ ಅವರು, "ಒಳ್ಳೇದಾಯ್ತು ಬಿಡಮ್ಮ. ಒಂದು ಮನೇಲಿ ಒಬ್ಬ ಫೋಟೋಗ್ರಾಫರ್ ಸಾಕು" ಎಂದರು. ಸಂಜೆ ನರಸಮ್ಮನಿಗೆ ಅಂಗೈಯ ಕಥೆ ಪೂರ್ತಿ ಹೇಳಿದ್ದಾಯಿತು. ಅವರು ಒಗ್ಗರಣೆ ಸೌಟನ್ನು ಹಾಗೇ ಹಿಡಿದುಕೊಂಡು ನಿಂತರು.

"ಅಮ್ಮ ಮಂಗಳವಾರವೇ ಅಂಗೈ ತೋರ್ಸಿದ್ಲಲ್ಲವ್ವ! ನಿಮ್ಗೆ ತಿಳೀದಿದ್ರೆ ಅವಳೇನ್ ಮಾಡ್ತಾಳೆ?"

"ಅಮ್ಮಾ, ಹೂವು ಜಾರಿದ್ದು ಗಾಳಿಗೆ" ಎಂದ ಶಿವರಾಜ್.

"ನೀನು ಸುಮ್ಕಿರ್ಲಾ, ಎರಡರ ಮಧ್ಯೆ."

ಶನಿವಾರ ನೇತ್ರಾವತಿ ಮತ್ತೆ ಗುಬ್ಬಿಗೆ ಹೋದಳು. ಒಪ್ಪಂದದ ಮಾತಿಗೆ ರಂಗರಾಜು ತಕರಾರು ಮಾಡಲಿಲ್ಲ. "ಯಂತ್ರ ಇರ್ಲಿ, ಕದರಮ್ಮ ಇರ್ಲಿ" ಎಂದು ಬರೆದುಕೊಟ್ಟರು. ಆಮೇಲೆ ಕದರಮ್ಮನನ್ನು ಊಟಕ್ಕೆ ಕರೆಯಲು ಎದ್ದವರು, ಪಕ್ಕದಲ್ಲೇ ದಾರಿಯಿದ್ದರೂ ಇಡೀ ರಾಶಿಯನ್ನು ಸುತ್ತಿ ಅವರ ಎಡಗಡೆಗೆ ಹೋಗಿ ನಿಂತು ಕೂಗಿದರು. ಬುಧವಾರವೂ ಹೀಗೇ ಸುತ್ತಿ ಹೋಗಿದ್ದು ನೇತ್ರಾವತಿಗೆ ಈಗ ನೆನಪಿಗೆ ಬಂತು.

ವಾಪಸು ಬಂದ ರಂಗರಾಜು ಅವಳ ನೋಟ ಕಂಡು, ಜೀವನದಲ್ಲಿ ಮೊದಲ ಸಲವೋ ಏನೋ, ಪಿಸುಗುಟ್ಟಿದರು.

"ಏಳೆಂಟು ವರ್ಷದಿಂದ ಗೊತ್ತು ಮೇಡಂ. ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಿಲ್ಲ. ಹಂಗೇ ಇರ್ಲಿ. ಕೂಗಿ ಕೂಗಿ ನನ್ನ ಗಂಟಲೂ ಪಳಗಿದೆ."

ಊಟ ಮುಗಿಸಿ ಬಂದ ಕದರಮ್ಮ, ರಾಶಿಯಿಂದ ಒಂದು ಕಾಯಿ ಆರಿಸಿ ನೇತ್ರಾವತಿಯ ಅಂಗೈಗೆ ಇಟ್ಟರು.

"ಎರಡು ಕೋರ್ಸು ಐತೆ ಅಂದಿದ್ಯಲ್ಲ, ಯಾವ್ದು ತಕೊಂಡೆ?"

"ನಿಮ್ ಕೈದು."

"ಹಂಗಾರೆ ಹೇಳು, ಇದೇನು?"

ನೇತ್ರಾವತಿ ಕಣ್ಣು ಮುಚ್ಚಿ ಕುಲುಕಿದಳು. ಹೆಬ್ಬೆಟ್ಟಿನ ಬುಡದಲ್ಲಿ ಏನೋ ಹೊಡೆದಂತಾಯಿತು.

"ಗಿಟುಕು."

"ನೀರು. ಇನ್ನೂ ಎರಡು ತಿಂಗ್ಳು ಬೇಕು."

"ಕಾಯಿಗಾ?"

"ನಿಂಗೆ" ಎಂದರು ಕದರಮ್ಮ.